ಎರಡು ತಟ್ಟು, ಒಂದು ತಿರುವು

ಯಂತ್ರ ಮೊದಲು ಬಸವಂತಪ್ಪನವರ ಮುಂಗೈಯನ್ನು ಎರಡು ಸಲ ಮೆಲ್ಲಗೆ ತಟ್ಟಿತು. ಆಮೇಲೆ ತನ್ನ ಮಣಿಕಟ್ಟನ್ನು ಒಂದಿಷ್ಟೇ ಎಡಕ್ಕೆ ತಿರುವಿಕೊಂಡು, ಅವರ ಬಲಗೈಯನ್ನು ತನ್ನ ಲೋಹದ ಅಂಗೈಯೊಳಗೆ ತೆಗೆದುಕೊಂಡಿತು. ಮೇಜಿನ ಮೇಲೆ ಒಂದು ಬಟ್ಟಲು ಮಜ್ಜಿಗೆ, ಒಂದು ಚಮಚ ಇದ್ದವು.

ಬಸವಂತಪ್ಪ ಬೆಟಗೇರಿಯ ಟೇಲರ್. ಲಕ್ವಾ ಹೊಡೆದು ಇಪ್ಪತ್ತಾರು ದಿನಗಳಾಗಿದ್ದವು. ನಲವತ್ತು ವರ್ಷ ಕತ್ತರಿ ಹಿಡಿದ ಕೈ ಈಗ ಚಮಚದ ಹತ್ತಿರ ಹೋಗುವಷ್ಟರಲ್ಲೇ ನಡುಗಿ ಪಕ್ಕಕ್ಕೆ ಸರಿಯುತ್ತಿತ್ತು. ಯಂತ್ರ ಅದನ್ನು ಎಳೆಯಲಿಲ್ಲ, ತಳ್ಳಲೂ ಇಲ್ಲ. ಕೈ ಎಲ್ಲಿಗೆ ಸರಿಯಿತೋ ಅಲ್ಲಿಯವರೆಗೂ ಜೊತೆಗೇ ಹೋಗಿ, ಅಲ್ಲಿಂದ ನಿಧಾನವಾಗಿ ಹಿಂದಕ್ಕೆ ಕರೆತಂದಿತು. ಹನ್ನೊಂದನೆಯ ಸಲ ಚಮಚ ಎದ್ದಿತು. ಮಜ್ಜಿಗೆ ಅರ್ಧ ಅಂಗಿಯ ಮೇಲೆ ಚೆಲ್ಲಿತು, ಅರ್ಧ ಬಾಯಿ ಸೇರಿತು.

"ಉಪ್ಪು ಕಡಿಮಿ ಆಗೇತಿ," ಎಂದರು ಬಸವಂತಪ್ಪ.

ಬಾಗಿಲಲ್ಲಿ ಶ್ರಾವ್ಯಾ ಹೊಂಬಳ ಸೇವಂತಿಗೆಯ ಮಾಲೆ ಹಿಡಿದು ನಿಂತಿದ್ದಳು. ಆಳೆತ್ತರದ ಮಾಲೆ. ಮೂವತ್ತೈದು ವರ್ಷದ ಗಣಿತದ ಟೀಚರು, ಎಂಟನೆಯ ಇಯತ್ತೆಯ ಮಕ್ಕಳು ಎದುರಿಗೆ ಸಿಕ್ಕರೆ ದಾರಿ ಬಿಡುವಂಥ ಗಂಭೀರ ಮುಖದವಳು. ಅವಳ ಕಣ್ಣಿನಿಂದ ನೀರು ಧಾರಾಕಾರ ಇಳಿಯುತ್ತಿತ್ತು. ಆ ಎರಡು ತಟ್ಟು, ಒಂದು ತಿರುವನ್ನು ಅವಳು ಹನ್ನೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಪರದೆಯ ಮೇಲೆ ಕಂಡಿದ್ದಳು. ಅದು ಲಾಳಿ. ಅನುಮಾನವೇ ಇರಲಿಲ್ಲ.

ಲಾಳಿ ಯಾರೆಂದು ತಿಳಿಯದವರು 2061ರಲ್ಲಿ ಕಡಿಮೆ. 'ಉಕ್ಕಿನ ದಂಡು' ಎಂಬ ಸಿನಿಮಾ ಮಾಲಿಕೆಯ ಎಂಟು ಚಿತ್ರಗಳು ಅಷ್ಟರಲ್ಲಿ ಬಂದಿದ್ದವು. ಅದರ ನಾಯಕರೆಲ್ಲ ರೋಬೋಟುಗಳು. ಕಂಪ್ಯೂಟರಿನಲ್ಲಿ ಬರೆದ ಚಿತ್ರಗಳಲ್ಲ, ನಿಜವಾಗಿ ನಡೆಯುವ, ಬೀಳುವ, ಏಳುವ ಯಂತ್ರಗಳು. ಯಾವ ಚಿತ್ರವನ್ನಾದರೂ ಯಾರು ಬೇಕಾದರೂ ಮನೆಯಲ್ಲಿ ಕುಳಿತು ಕಂಪ್ಯೂಟರಿನಿಂದ ಮಾಡಿಸಬಹುದಾದ ಕಾಲ ಬಂದಮೇಲೆ, ಜನಕ್ಕೆ ನಿಜವಾದದ್ದನ್ನು ನೋಡುವ ಹಸಿವು ಹುಟ್ಟಿತು. 'ಇಲ್ಲಿ ಕಾಣುವ ಪ್ರತಿಯೊಂದು ಯಂತ್ರವೂ ಅಸಲಿ' ಎಂಬ ಸಾಲು ಪರದೆಯ ಮೇಲೆ ಬಂದ ಕೂಡಲೇ ಚಿತ್ರಮಂದಿರದಲ್ಲಿ ಬೀಳುತ್ತಿದ್ದ ಶಿಳ್ಳೆಗೆ ಕಿವಿ ಮುಚ್ಚಿಕೊಳ್ಳಬೇಕಾಗುತ್ತಿತ್ತು.

ಅವುಗಳ ಗುಟ್ಟು ರೂಢಿಲೋಹ. ಬಾಗಿಸಿದ ತಂತಿಯನ್ನು ಬಿಸಿ ಮಾಡಿದರೆ ಹಳೆಯ ಆಕಾರಕ್ಕೆ ಮರಳುವ ಲೋಹಗಳು ಮೊದಲೇ ಇದ್ದವು. ರೂಢಿಲೋಹ ನೆನಪಿಡುವುದು ಆಕಾರವನ್ನಲ್ಲ, ಚಲನೆಯನ್ನು. ಅದರಿಂದ ಮಾಡಿದ ಕೈಯನ್ನು ಹಿಡಿದು ಒಂದು ಕೆಲಸವನ್ನು ಸಾವಿರ ಸಲ ಮಾಡಿಸಿದರೆ, ಲೋಹದ ಒಳಗಿನ ಸೂಕ್ಷ್ಮ ಕಣಗಳು ಆ ಚಲನೆಗೆ ಅನುಕೂಲವಾಗಿ ಜರುಗಿ ಕೂರುತ್ತವೆ. ಯಂತ್ರದ ತಲೆಯಲ್ಲಿರುವ ಕಂಪ್ಯೂಟರು 'ಅದನ್ನು ಎತ್ತು' ಎಂದಷ್ಟೇ ಹೇಳುತ್ತದೆ. ಹೇಗೆ ಎತ್ತಬೇಕೆಂಬುದು ಕೈಗೆ ಗೊತ್ತಿರುತ್ತದೆ.

ಆ ಲೋಹವನ್ನು ಕಂಡುಹಿಡಿದವರು ಇದೇ ಕೋಣೆಯ ಮೂಲೆಯಲ್ಲಿ, ಕನ್ನಡಕ ಹಣೆಗೇರಿಸಿಕೊಂಡು, ಒಂದು ಕೀಲಿಗೆ ಎಣ್ಣೆ ಬಿಡುತ್ತಿದ್ದರು. ಡಾ. ವಿನುತಾ ದೇಸಾಯಿ. ಅರವತ್ತಾರು ವರ್ಷ. ಧಾರವಾಡದ ಪ್ರಯೋಗಾಲಯದಿಂದ ನಿವೃತ್ತರಾದ ಮೇಲೆ ವಾರಕ್ಕೆರಡು ದಿನ ಗದಗಿನ ಈ ಪುನಶ್ಚೇತನ ಕೇಂದ್ರಕ್ಕೆ ಬರುತ್ತಿದ್ದರು.

"ಮಾಲಿ ಹಾಕಬ್ಯಾಡ್ರಿ. ಹೂವಿನ ನೀರು ಕೀಲಿನ್ಯಾಗ ಇಳೀತದ," ಎಂದರು ತಲೆಯೆತ್ತದೆ.

"ಇದು... ಲಾಳೀನ ಹೌದಲ್ರೀ ಮೇಡಂ?"

"ಹೌದು. ಸಿನಿಮಾದಾಗ ತಾಮ್ರದ ಬಣ್ಣ ಇತ್ತು. ಕಂಪನಿಯವರು ದವಾಖಾನಿಗೆ ಎರವಲ ಕೊಟ್ಟಮ್ಯಾಲೆ ಬಿಳೀ ಹಚ್ಚಿದ್ವಿ. ಹತ್ತೊಂಬತ್ತು ವರ್ಷ ಆತು ಇಲ್ಲೇ ಅದ."

ಶ್ರಾವ್ಯಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವಳು ಗದಗ-ಬೆಟಗೇರಿ ಉಕ್ಕಿನ ದಂಡು ಅಭಿಮಾನಿಗಳ ಸಂಘದ ಕಾರ್ಯದರ್ಶಿ. ಸಂಘದ ಕಚೇರಿ ಅಲ್ಲಿಂದ ಮೂರು ಕಿಲೋಮೀಟರು. ಹದಿನೈದು ವರ್ಷಗಳಿಂದ ಪ್ರತಿ ವರ್ಷ ತಪ್ಪದೆ ಅವರು ಚಿತ್ರ ಕಂಪನಿಗೆ ಬರೆದಿದ್ದರು: 'ಲಾಳಿ ಈ ಭೂಮಿಯ ಮೇಲೆ ಎಲ್ಲಿದ್ದರೂ ಹುಡುಕಿ ಮರಳಿ ಕರೆತನ್ನಿ.' ಆ ಪತ್ರಗಳನ್ನು ಅಂಚೆಗೆ ಹಾಕಲು ಹೋಗುವ ದಾರಿಯಲ್ಲೇ ಈ ಕಟ್ಟಡದ ಗೇಟು ಇತ್ತು.

"ಗೌರಕ್ಕಾ, ಇನ್ನೊಂದ್ ಚಮಚ ಕುಡಸ," ಎಂದರು ಬಸವಂತಪ್ಪ. ಯಂತ್ರ ಮತ್ತೆ ಎರಡು ಸಲ ತಟ್ಟಿತು.

"ಗೌರಕ್ಕ ಅಂತಾರಲ್ರೀ?" ಶ್ರಾವ್ಯಾ ಕೇಳಿದಳು.

ವಿನುತಾ ಎಣ್ಣೆಯ ಡಬ್ಬಿ ಕೆಳಗಿಟ್ಟು ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. "ಇಲ್ಲಿ ಅದರ ಹೆಸರು ಅದ. ಕೂಡ್ರಿ. ಕಂಪನಿಯವರ ಪತ್ರ ತಂದೀರೇನು?"

ತಂದಿದ್ದಳು. ಮುಂದೆ ಬರಲಿದ್ದ ಒಂಬತ್ತನೆಯದು ಮಾಲಿಕೆಯ ಕೊನೆಯ ಚಿತ್ರ. ಅದರಲ್ಲಿ ಏಳು ಯಂತ್ರಗಳಿಗೆ ಮಾತ್ರ ಜಾಗ. ಯಾವ ಏಳು ಎಂಬುದನ್ನು ನಲವತ್ತೊಂದು ಊರುಗಳ ಅಭಿಮಾನಿ ಸಂಘಗಳು ಆರಿಸುವುದು ಮೊದಲಿನಿಂದ ನಡೆದುಬಂದ ಪದ್ಧತಿ. ಆರು ಹೆಸರು ಸಲೀಸಾಗಿ ನಿಶ್ಚಯವಾಗಿದ್ದವು. ಏಳನೆಯದಕ್ಕೆ ಇಪ್ಪತ್ತು ಸಂಘಗಳು ಗುಡುಗು ಎಂಬ ದೈತ್ಯ ಯಂತ್ರ ಬೇಕು ಎಂದಿದ್ದವು, ಇಪ್ಪತ್ತು ಲಾಳಿ ಎಂದಿದ್ದವು. ಉಳಿದದ್ದು ಗದಗ-ಬೆಟಗೇರಿ ಒಂದೇ. ಅವರ ಸಭೆ ಬರುವ ಭಾನುವಾರ.

ಪತ್ರದಲ್ಲಿ ಕಂಪನಿಯವರು ಲಾಳಿ ಇರುವ ಜಾಗವನ್ನು ತಿಳಿಸಿ, ಕೆಳಗೆ ಸಣ್ಣಕ್ಷರದಲ್ಲಿ ಸೇರಿಸಿದ್ದರು: 'ಆಯ್ಕೆಯಾದಲ್ಲಿ ಸದರಿ ಯಂತ್ರವನ್ನು ಒಪ್ಪಂದದಂತೆ ಹಿಂಪಡೆದು, ಕಾಯಿಸಿ, ಪಾತ್ರಕ್ಕೆ ತಕ್ಕ ಹೊಸ ತರಬೇತಿ ನೀಡಲಾಗುವುದು.' ಶ್ರಾವ್ಯಾ ಅದನ್ನು ಬಣ್ಣ ಬಳಿಯುವ ವಿಷಯವೆಂದು ಓದಿಕೊಂಡಿದ್ದಳು.

"ಕಾಯಿಸೂದಂದ್ರ ಏನಂತ ತಿಳಕೊಂಡೀರಿ?" ವಿನುತಾ ಕೇಳಿದರು.

"ಸರ್ವೀಸಿಂಗ್ ಇರಬೇಕಲ್ರೀ?"

"ಏಳು ನೂರು ಡಿಗ್ರಿ ಕುಲುಮಿಯೊಳಗ ಒಂದು ದಿನ ಇಡತಾರ. ಕಣ ಎಲ್ಲಾ ಹೊಳ್ಳಿ ಮೊದಲಿನಂಗ ಸಪಾಟ ಆಗತಾವ. ಕಲತದ್ದೆಲ್ಲಾ ಹೋಗತದ. ಒಂದು ಕೈ ಇಷ್ಟ ಕಲೀಬಹುದಂತ ಮಿತಿ ಇರತದ್ರಿ, ಇದು ತುಂಬೇದ. ಹೊಸಾ ಸಿನಿಮಾದಾಗ ಅದು ಗ್ವಾಡಿ ಏರಬೇಕು, ಗುದ್ದಾಡಬೇಕು. ಹಳೇದು ಅಳಿಸದ ಹೊರತು ಅದು ಬರಂಗಿಲ್ಲ."

"ಅಳಿಸೂ ಮೊದಲ ಒಂದು ಕಾಪಿ ಇಟಗೋಬಹುದಲ್ರೀ?"

"ಸೀರಿ ನಿರಿಗಿ ಒಳಗ ಏನ ಮಡಚೇದಂತ ನೋಡಬೇಕಂದ್ರ ನಿರಿಗಿ ಬಿಚ್ಚಬೇಕು. ಇದೂ ಹಂಗ. ಕಣ ಹೆಂಗ ಕೂತಾವ ಅಂತ ನೋಡಬೇಕಂದ್ರ ಲೋಹ ಕತ್ತರಿಸಬೇಕಾಗತದ. ಇಪ್ಪತ್ತೈದು ವರ್ಷ ಬ್ಯಾರೆ ದಾರಿ ಹುಡುಕಿದೆ. ಸಿಗಲಿಲ್ಲ."

ಶ್ರಾವ್ಯಾ ತಲೆಯೆತ್ತಿ ನೋಡಿದಳು. ಬಸವಂತಪ್ಪನವರ ಹಿಂದಿನ ಗೋಡೆಯ ಮೇಲೆ ಹೆಸರುಗಳ ಪಟ್ಟಿ ಇತ್ತು. ಈ ಯಂತ್ರದ ಕೈಗಾಗಿ ಪಾಳಿ ಹಚ್ಚಿ ಕಾಯುತ್ತಿದ್ದ ರೋಗಿಗಳು. ಅವಳು ಎಣಿಸಲು ಹೋಗಿ ಅರ್ಧಕ್ಕೇ ಬಿಟ್ಟಳು.

"ಇದ್ದಂಗ ಸಿನಿಮಾದಾಗ ತೋರಿಸ್ರಿ ಅಂದ್ರ?"

"ಕೇಳೀನ್ರಿ. ಕೊನೀ ಸಿನಿಮಾದಾಗ ಮಜ್ಜಿಗಿ ಕುಡಿಸೂ ರೋಬೋಟು ಯಾರಿಗೆ ಬೇಕು ಅಂದ್ರು." ವಿನುತಾ ಮುಗುಳ್ನಕ್ಕರು. ಆಮೇಲೆ ಆ ನಗು ಹೋಯಿತು. "ಗೌರಕ್ಕ ಯಾಕಂತ ಕೇಳಿದ್ರಲ್ಲ. ಇದಕ್ಕ ಮೊದಲ ಕೈ ಹಿಡದು ಕಲಿಸಿದಾಕಿ ಗೌರವ್ವ ನಾಗಾವಿ. ನಿಮ್ಮ ಬೆಟಗೇರಿ ನೇಕಾರ್ತಿ. ಲೋಹ ಆತು, ಅದಕ್ಕ ಏನರ ಕಲಿಸಬೇಕಿತ್ತು. ನನಗ ನೆಟ್ಟಗ ಗಂಟು ಹಾಕಾಕ ಬರತಿರಲಿಲ್ಲ. ಎಪ್ಪತ್ತು ವರ್ಷದ ಅಜ್ಜಿ, ಎಂಟು ತಿಂಗಳು ದಿನಾ ರೈಲಿಗೆ ಧಾರವಾಡಕ್ಕ ಬಂದು ಈ ಕೈ ಹಿಡಕೊಂಡು ಕೂಡತಿದ್ರು. ಎತ್ತೂದು, ಇಡೂದು, ಹರದ ನೂಲು ಕೂಡಿಸೂದು, ಎಲ್ಲಾ ಅವರೇ ಕಲಿಸಿದ್ದು."

"ಮತ್ತ ಆ ತಿರುವು?"

"ಐವತ್ತು ವರ್ಷ ಮಗ್ಗದ ಮುಂದ ಕೂತು ಅವರ ಮಣಿಕಟ್ಟು ಹೋಗಿತ್ತು. ಏನ ಎತ್ತಬೇಕಂದ್ರೂ ಮೊದಲ ಹಿಂಗ ಒಂದಿಷ್ಟ ತಿರುವಿ ನೋವು ಸರಿಸ್ಕೋತಿದ್ರು. ಲೋಹ ಅದನ್ನೂ ಕಲೀತು."

ಈ ಮಾತು ಶ್ರಾವ್ಯಾಳಿಗೆ ಎಲ್ಲಿ ತಾಗಿತೆಂದು ತಿಳಿಯಬೇಕಾದರೆ ಎರಡನೆಯ ಚಿತ್ರದ ಆ ನಲವತ್ತು ಸೆಕೆಂಡು ತಿಳಿದಿರಬೇಕು. ಅದರಲ್ಲಿ ನೇಯ್ಗೆಯ ಶೆಡ್ಡು ಕುಸಿಯುತ್ತದೆ. ಕಲ್ಲು ಮಣ್ಣಿನ ರಾಶಿಯ ಕೆಳಗಿಂದ ಒಂದು ಕೈ ಮಾತ್ರ ಹೊರಗೆ ಕಾಣುತ್ತಿದೆ. ಎಳೆದು ಹೊರಹಾಕುವುದಷ್ಟೇ ಲಾಳಿಗೆ ಕೊಟ್ಟಿದ್ದ ಕೆಲಸ. ಆದರೆ ಅದು ಮೊದಲು ಆ ಕೈಯನ್ನು ಎರಡು ಸಲ ತಟ್ಟಿತು. ಮಣಿಕಟ್ಟು ತಿರುವಿತು. ಆಮೇಲೆ ಹಿಡಿಯಿತು. ಅಷ್ಟೇ. ಮರುದಿನದಿಂದ ನಾಡಿನ ತುಂಬ ಹುಡುಗರು ಹುಡುಗಿಯರು ಭೇಟಿಯಾದಾಗ ಎರಡು ತಟ್ಟಿ ಒಂದು ತಿರುವುವುದು ಶುರುವಾಯಿತು. ಅದರ ಅರ್ಥವೇನೆಂದು ಇಪ್ಪತ್ತೆರಡು ವರ್ಷ ಚರ್ಚೆ ನಡೆದಿತ್ತು. ಯುದ್ಧದ ಸಿದ್ಧತೆ ಎಂದವರಿದ್ದರು. ಯಂತ್ರಗಳ ಗುಪ್ತ ಸಂಕೇತ ಎಂದವರಿದ್ದರು. ತಿರುವಿನ ಕೋನವನ್ನು ಅಳೆದು ಹದಿನೆಂಟು ಪುಟದ ಲೇಖನ ಬರೆದವಳು ಸ್ವತಃ ಶ್ರಾವ್ಯಾ. ಒಬ್ಬ ಅಜ್ಜಿಯ ಕೈನೋವು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

"ಎರಡು ಸಲ ತಟ್ಟೂದು?" ಎಂದು ಕೇಳುವಾಗ ಅವಳ ದನಿ ಸಣ್ಣದಾಗಿತ್ತು.

"ಮಗ್ಗ ಕಲಿಯಾಕ ಬಂದ ಹುಡಿಗ್ಯಾರ ಕೈ ಹಿಡಿಯೂ ಮೊದಲ ತಟ್ಟತಿದ್ರಂತ. ಹೆದರಬ್ಯಾಡ ಅಂತ." ವಿನುತಾ ಕನ್ನಡಕ ಕೆಳಗಿಳಿಸಿದರು. "ರೂಢಿಲೋಹದ ಮ್ಯಾಲೆ ನಾ ಬರದ ಮೊದಲನೇ ಪ್ರಬಂಧದಾಗ 'ಒಬ್ಬ ನುರಿತ ನೇಕಾರ್ತಿಯ ಸಹಾಯದಿಂದ' ಅಂತ ಬರದೆ. ಹೆಸರು ಬರೀಲಿಲ್ಲ. ಬರೀಬೇಕಂತ ಅನಿಸಲೂ ಇಲ್ಲ ನೋಡ್ರಿ. ಅವರು ಹೋಗಿ ಇಪ್ಪತ್ತು ವರ್ಷ ಆತು. ಈಗ ಅವರದಂತ ಉಳದದ್ದು ಈ ಕೈ ಒಂದ. ಅದರ ಮ್ಯಾಲೆ ಇಲ್ಲಿಗೆ ಬಂದ ಎಷ್ಟೋ ನಡಗೂ ಕೈಗಳಿಂದ ಇದು ಕಲತದ್ದು ಕೂಡೇದ."

"ನಾ ಏನ ಮಾಡ್ಬೇಕಂತೀರಿ ಮೇಡಂ?"

"ನಾ ಏನೂ ಕೇಳೂದಿಲ್ಲ. ಯಂತ್ರ ಕಂಪನಿಯವರದು, ಓಟು ನಿಮ್ಮದು. ಕಾಯಿಸೂದು ಅಂದ್ರ ಏನಂತ ಕೇಳಿದ್ರಿ, ಹೇಳಿದೆ."

ಶ್ರಾವ್ಯಾ ಹೊರಡುವಾಗ ಮಾಲೆಯನ್ನು ಬಸವಂತಪ್ಪನವರ ಕೊರಳಿಗೆ ಹಾಕಿದಳು. ಅವರು ಯಾಕೆಂದು ಕೇಳಲಿಲ್ಲ. ಹೂ ಮೂಸಿ ನೋಡಿ, "ಛಲೋ ಅದಾವು," ಎಂದರು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹಳೆಯ ಟಾಕೀಸಿನ ಮೇಲ್ಮಹಡಿ ತುಂಬಿತ್ತು. ಅರವತ್ತಮೂರು ಸದಸ್ಯರು. ಗೋಡೆಯ ತುಂಬ ಪೋಸ್ಟರುಗಳು, ಮೂಲೆಯಲ್ಲಿ ಬಿಸಿ ಮಿರ್ಚಿಯ ಬುಟ್ಟಿ. ಬಂದವರೆಲ್ಲ ಒಬ್ಬರ ಮುಂಗೈಯನ್ನೊಬ್ಬರು ಎರಡು ಸಲ ತಟ್ಟಿ ಮಣಿಕಟ್ಟು ತಿರುವುತ್ತಿದ್ದರು. ಗುಡುಗಿನ ಪಕ್ಷದವರೂ ಲಾಳಿಯ ಅದೇ ನಮಸ್ಕಾರ ಮಾಡುತ್ತಿದ್ದರು. ಅದು ಯಾವಾಗಲೋ ಎಲ್ಲರದ್ದೂ ಆಗಿಹೋಗಿತ್ತು. ಶ್ರಾವ್ಯಾ ಪ್ರತಿ ತಿರುವನ್ನೂ ನೋಡುತ್ತಿದ್ದಳು. ಅರವತ್ತಮೂರು ಜನ ಒಬ್ಬ ಅಜ್ಜಿಯ ನೋವನ್ನು ಇಷ್ಟು ಪ್ರೀತಿಯಿಂದ ಹೊತ್ತು ತಿರುಗುತ್ತಿದ್ದಾರೆ, ಅವರಿಗೇ ಗೊತ್ತಿಲ್ಲ.

ಅಭಿಮಾನಿಗಳೆಂದರೆ ಕೂಗಾಡುವವರು ಎಂದು ಮೂಗು ಮುರಿಯುವವರು ಗದಗಿನ ಸಂಘದ ಸಭೆಯನ್ನು ಒಮ್ಮೆ ನೋಡಬೇಕಿತ್ತು. ಹಿಂದೆ ಅಲ್ಲೂ ಕುರ್ಚಿಗಳು ಹಾರಾಡಿದ್ದುಂಟು. ಆಮೇಲೆ ಒಂದು ನಿಯಮ ಮಾಡಿಕೊಂಡರು. ನಿನ್ನ ಯಂತ್ರದ ಪರ ಮಾತಾಡುವ ಮೊದಲು ಎದುರಾಳಿಯ ಪರ ಮಾತಾಡಬೇಕು. ಎದುರಾಳಿ ಮನತುಂಬಿ 'ಸಾಕು' ಎನ್ನುವ ತನಕ ನಿನ್ನದನ್ನು ಎತ್ತುವಂತಿಲ್ಲ. ಹನ್ನೆರಡು ವರ್ಷಗಳಿಂದ ಈ ನಿಯಮವನ್ನು ಯಾರೂ ಮುರಿದಿರಲಿಲ್ಲ. ನಾಡಿನ ದೊಡ್ಡ ಸಭೆಗಳಲ್ಲೂ ಇಲ್ಲದ ಒಂದು ಸಂಸ್ಕಾರ ಆ ಟಾಕೀಸಿನ ಮಹಡಿಯ ಮೇಲೆ, ಮಿರ್ಚಿಯ ಘಾಟಿನ ನಡುವೆ ಬೆಳೆದಿತ್ತು.

ಶ್ರಾವ್ಯಾಳ ಎದುರಾಳಿ ಮೈಲಾರಿ ಕೊಪ್ಪದ. ಐವತ್ತೆಂಟು ವರ್ಷ, ಲೇತ್ ಮಷಿನ್ ಇಟ್ಟವನು, ಗುಡುಗಿನ ಕಟ್ಟಾ ಭಕ್ತ. ಹನ್ನೆರಡು ಅಡಿ ಎತ್ತರದ ಗುಡುಗು ಪ್ರತಿ ಚಿತ್ರದಲ್ಲೂ ಒಂದು ಬಾಗಿಲು ಒಡೆಯುತ್ತದೆ. ಮೈಲಾರಿ ಪ್ರತಿ ಸಲ ಮೊದಲ ಬಾರಿ ನೋಡಿದವನಂತೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾನೆ.

ಚೀಟಿ ಎತ್ತಿದಾಗ ಶ್ರಾವ್ಯಾಳ ಪಾಳಿ ಮೊದಲು ಬಂತು. ಅವಳು ಎದ್ದು ಗುಡುಗಿನ ಪರ ಮಾತಾಡಿದಳು. ಎಂಟನೆಯ ಚಿತ್ರದಲ್ಲಿ ಅದರ ಎಡಗೈ ಮುರಿದಿದೆ, ಆ ಕತೆ ಹಾಗೇ ಅರ್ಧಕ್ಕೆ ನಿಂತಿದೆ, ಒಂದೇ ಕೈಯಲ್ಲಿ ಅದು ಬಾಗಿಲು ಒಡೆಯುವುದನ್ನು ನೋಡುವ ಹಕ್ಕು ಎಲ್ಲರಿಗೂ ಇದೆ ಎಂದಳು. ಮೈಲಾರಿಯ ಮುಖ ಅರಳಿತು.

"ಸಾಕು ಸಾಕು! ಇಷ್ಟ ಛಂದ ನನಗೂ ಹೇಳಾಕ ಬರಂಗಿಲ್ಲ. ನಿನ್ನ ಲಾಳಿ ಎತ್ತವಾ ಈಗ."

ಎದುರಾಳಿ 'ಸಾಕು' ಅಂದಾಗಿತ್ತು. ಇನ್ನು ಅವಳು ಲಾಳಿಯ ಬಗ್ಗೆ ಹದಿನೈದು ವರ್ಷಗಳಿಂದ ಕೂಡಿಟ್ಟ ಮಾತುಗಳನ್ನೆಲ್ಲ ಹೇಳಬಹುದಿತ್ತು. ಕಂಪನಿಯ ಪತ್ರ ಅವಳೊಬ್ಬಳಿಗೇ ಬಂದಿತ್ತು. ಆ ಸಣ್ಣಕ್ಷರದ ಸಾಲನ್ನು ಬೇರಾರೂ ನೋಡಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ತನ್ನ ಕಡೆ ಇದ್ದಾರೆಂದು ಅವಳಿಗೆ ಗೊತ್ತಿತ್ತು. ಲಾಳಿ ತಾಮ್ರದ ಬಣ್ಣದಲ್ಲಿ ಮತ್ತೆ ಪರದೆಯ ಮೇಲೆ ಬರುವುದನ್ನು ಅವಳು ಎಷ್ಟು ಸಲ ಕನಸಿನಲ್ಲಿ ಕಂಡಿದ್ದಳೋ ಲೆಕ್ಕವಿರಲಿಲ್ಲ. ಆ ಕ್ಷಣ ಅವಳಿಗೆ ಆ ಸಾಲನ್ನು ಮುಚ್ಚಿಡಬೇಕೆನಿಸಿತು, ಅದೂ ತುಂಬಾ ಜೋರಾಗಿ ಅನಿಸಿತು.

"ಸಾಕಾಗಿಲ್ಲ ಕಾಕಾ," ಎಂದಳು. "ನಿಮ್ಮ ಕಡೆ ಹೇಳೂದು ಇನ್ನೂ ಐತಿ."

"ನಾ ಸಾಕಂದೆ ಅಲ್ಲ?"

"ನಿಮಗ ಗೊತ್ತಿಲ್ಲದ್ದು ಐತಿ."

ಅವಳು ಎಲ್ಲವನ್ನೂ ಹೇಳಿದಳು. ಮೂರು ಕಿಲೋಮೀಟರು ದೂರದ ಕೋಣೆ, ಮಜ್ಜಿಗೆ, ಗೋಡೆಯ ಮೇಲಿನ ಪಟ್ಟಿ, ಏಳು ನೂರು ಡಿಗ್ರಿ. ಗೌರವ್ವ ನಾಗಾವಿಯ ಹೆಸರು ಹೇಳುವಾಗ ಎರಡು ಸಲ ತಡವರಿಸಿದಳು. ತನ್ನ ಹದಿನೆಂಟು ಪುಟದ ಲೇಖನ ಶುದ್ಧ ತಪ್ಪು ಎಂದೂ ಹೇಳಿದಳು. ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬಾಕೆ ತನ್ನ ಮಣಿಕಟ್ಟನ್ನು ತಾನೇ ಹಿಡಿದು ನೋಡಿಕೊಳ್ಳುತ್ತಿದ್ದಳು.

"ಇಷ್ಟು ಗುಡುಗಿನ ಪರ," ಎಂದು ಶ್ರಾವ್ಯಾ ಕುಳಿತಳು. "ಈಗ ನೀವು ಲಾಳಿ ಪರ ಮಾತಾಡ್ರಿ ಕಾಕಾ. ನಾ ಸಾಕನ್ನೂತನ."

ಮೈಲಾರಿ ಎದ್ದು ನಿಂತ. ದೊಡ್ಡ ಆಳು, ದೊಡ್ಡ ದನಿ. ಆದರೆ ಆವತ್ತು ದನಿ ಏಳಲಿಲ್ಲ.

"ನಿಮಗೆಲ್ಲಾ ಗೊತ್ತಿಲ್ಲ, ಹೇಳಿಬಿಡ್ತೀನಿ. ನಮ್ಮಪ್ಪ ನನಗ ಲೇತ್ ಕಲಿಸಿದ್ದು ಹೊಡದು. ಸಣ್ಣ ತಪ್ಪಾದ್ರೂ ಬೆರಳಿನ ಗಂಟಿನ ಮ್ಯಾಲೆ ಹೊಡೀತಿದ್ದ. ನಾನೂ ನನ್ನ ಮಗಗ ಹಂಗ ಮಾಡಾಕ ಹತ್ತಿದ್ದೆ. ಆಮ್ಯಾಲೆ ಆ ನಲವತ್ತು ಸೆಕೆಂಡು ನೋಡಿದೆ. ಮರುದಿನ ಮಗನ ಕೈ ಹಿಡಿಯೂ ಮುಂದ ನನಗ ಗೊತ್ತಿಲ್ಲದಂಗ ಎರಡ್ ಸಲ ತಟ್ಟಿದೆ. ಅವ ನನ್ನ ಮುಖ ನೋಡಿದ. ಅವತ್ತಿಂದ ಹೊಡದಿಲ್ಲ. ಸಿನಿಮಾದಿಂದ ಏನೂ ಆಗೂದಿಲ್ಲ ಅನ್ನಬ್ಯಾಡ್ರಿ. ಆಗತೈತಿ. ಲಾಳಿ ಹೊಳ್ಳಿ ಬಂದ್ರ ನನ್ನಂಥಾವ್ರು ಇನ್ನೆಷ್ಟು ಮಂದಿ ಬದಲಾದಾರು."

ಇದಕ್ಕಿಂತ ಒಳ್ಳೆಯ ಮಾತನ್ನು ಶ್ರಾವ್ಯಾ ತಾನೂ ಆಡಲಾರಳು. ಆದರೂ ಅವಳು 'ಸಾಕು' ಎನ್ನಲಿಲ್ಲ. ಮೈಲಾರಿ ಕಾದ. ಸಭೆ ಕಾಯಿತು. ಅವನು ತಲೆ ಕೆರೆದುಕೊಂಡ.

"ಇನ್ನೇನ್ ಹೇಳಲವಾ? ಲಾಳಿ ಪರ ಅಂದ್ರ ಆ ತಾಮ್ರದ ಬಣ್ಣದ ಪರ ಅಲ್ಲಲ್ಲ. ಆ ಕೈ ಪರ. ಆ ಕೈ ಉಳೀಬೇಕಂದ್ರ..." ಅವನು ಗೋಡೆಯ ಮೇಲಿನ ತಾಮ್ರಬಣ್ಣದ ಪೋಸ್ಟರಿನತ್ತ ತಿರುಗಿದ. "ಅದನ್ನ ಅಲ್ಲೇ ಬಿಡ್ರಿ. ಮಜ್ಜಿಗಿ ಕುಡಸ್ಲಿ."

"ಸಾಕು," ಎಂದಳು ಶ್ರಾವ್ಯಾ.

ಕೈ ಎತ್ತಿಸಿದಾಗ ಎಲ್ಲರೂ ಒಂದಾದರೆಂದೇನೂ ಅಲ್ಲ. ಹನ್ನೊಂದು ಮಂದಿ ಲಾಳಿಗೇ ಎತ್ತಿದರು. ಇಬ್ಬರು ಸಿಟ್ಟಿನಿಂದ ಎದ್ದು ಹೋದರು, ಮಿರ್ಚಿ ತಿನ್ನದೆ. ಉಳಿದವರು ಗುಡುಗಿಗೆ ಎತ್ತಿದರು. ಶ್ರಾವ್ಯಾಳ ಕೈ ಎಲ್ಲರಿಗಿಂತ ಕೊನೆಗೆ ಎದ್ದಿತು, ಏಳುವ ಮೊದಲು ಒಂದಿಷ್ಟೇ ಎಡಕ್ಕೆ ತಿರುಗಿತು.

ಕಂಪನಿಗೆ ಬರೆದ ಪತ್ರದಲ್ಲಿ ಅವರು ಒಂದು ಸಾಲು ಹೆಚ್ಚಿಗೆ ಸೇರಿಸಿದರು. ಗುಡುಗು ನಮ್ಮ ಆಯ್ಕೆ. ಆದರೆ ಚಿತ್ರದ ಕೊನೆಗೆ, ಪ್ರತಿ ಯಂತ್ರದ ಹೆಸರಿನ ಕೆಳಗೆ, ಅದರ ಕೈ ಹಿಡಿದು ಕಲಿಸಿದವರ ಹೆಸರು ಬರಬೇಕು.

ಲಾಳಿಯನ್ನು ಬಯಸಿದ್ದ ಇಪ್ಪತ್ತು ಸಂಘಗಳು ಗದಗಿನವರನ್ನು ಎರಡು ವಾರ ಬಾಯಿಗೆ ಬಂದಂತೆ ಬೈದವು. ಶ್ರಾವ್ಯಾ ಒಂದೊಂದಕ್ಕೂ ಉತ್ತರ ಬರೆದಳು. ಆಮೇಲೆ ಒಂದು ವಿಚಿತ್ರ ನಡೆಯಿತು. ಬೈದವರೇ ಹುಡುಕಲು ಹೊರಟರು. ಗುಡುಗು ನಡೆಯುವ ರೀತಿ, ಆ ಒಂದು ಭುಜ ತಗ್ಗಿಸಿದ ನಡಿಗೆ, ರಾಣೆಬೆನ್ನೂರು ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ಫಕ್ಕೀರಪ್ಪ ಎಂಬ ಹಮಾಲನದು ಎಂದು ಗೊತ್ತಾಯಿತು. ಕಂದೀಲು ಎಂಬ ಪುಟ್ಟ ಯಂತ್ರ ಕತ್ತು ಓರೆ ಮಾಡಿ ಕೇಳಿಸಿಕೊಳ್ಳುವ ರೀತಿ ಒಂದು ಕಿವಿ ಕೇಳದ ಗಡಿಯಾರ ರಿಪೇರಿಯವನದು. ಎಂಟು ಚಿತ್ರಗಳಲ್ಲಿ ಜನ ಎದ್ದು ನಿಂತು ಶಿಳ್ಳೆ ಹೊಡೆದದ್ದೆಲ್ಲ ಎಲ್ಲೋ ಯಾರೋ ಬದುಕಿದ ಬದುಕಿಗೆ. ಯಾವ ಪಾತ್ರ ಇರಬೇಕು, ಯಾವುದು ಬೇಡ ಎಂದು ಇಷ್ಟು ವರ್ಷ ಜಗಳಾಡಿದವರು ಈಗ ಪಾತ್ರದೊಳಗೆ ಯಾರಿದ್ದಾರೆ ಎಂದು ಕೇಳತೊಡಗಿದರು. ವಿನುತಾ ದೇಸಾಯಿ ತಮ್ಮ ಹಳೆಯ ಪ್ರಬಂಧಕ್ಕೆ ಇಪ್ಪತ್ತೇಳು ವರ್ಷಗಳ ನಂತರ ಒಂದು ಸಾಲಿನ ತಿದ್ದುಪಡಿ ಕಳಿಸಿದರು. ಅದರಲ್ಲಿ ಇದ್ದದ್ದು ಒಂದು ಹೆಸರು ಮಾತ್ರ.

ಒಂಬತ್ತನೆಯ ಚಿತ್ರ ಎರಡು ವರ್ಷದ ಮೇಲೆ ಬಂತು. ಬಿಡುಗಡೆಯ ಹಿಂದಿನ ವಾರ ಸಂಘದ ಬ್ಯಾನರು ಹೊಲಿಸಲು ಶ್ರಾವ್ಯಾ ಬೆಟಗೇರಿಯ ಒಂದು ಸಣ್ಣ ಅಂಗಡಿಗೆ ಹೋದಳು. ಬಸವಂತಪ್ಪ ಬಟ್ಟೆ ಹಾಸಿ, ಸುಣ್ಣದ ಬಳಪದಿಂದ ಗೆರೆ ಎಳೆದರು. ಕತ್ತರಿ ಎತ್ತುವ ಮೊದಲು ಅವರು ಬಟ್ಟೆಯನ್ನು ಎರಡು ಸಲ ತಟ್ಟಿ, ಮಣಿಕಟ್ಟನ್ನು ಒಂದಿಷ್ಟು ಎಡಕ್ಕೆ ತಿರುವಿಕೊಂಡರು.

"ಅಜ್ಜಾರ, ಕೈ ನೋಯತೈತೇನು?"

"ಇಲ್ಲವಾ. ಯಾಕ?"

"ಮತ್ತ ಹಂಗ ಯಾಕ ತಿರುವಿದ್ರಿ?"

ಬಸವಂತಪ್ಪ ತಮ್ಮ ಕೈಯನ್ನು ಬೇರೆಯವರದೇನೋ ಎಂಬಂತೆ ನೋಡಿಕೊಂಡರು. "ಕತ್ತರಿ ಹಿಡಿಯೂದು ಹಿಂಗ ಅಲ್ಲೇನು?" ಎಂದು ಕತ್ತರಿಸತೊಡಗಿದರು. ಗೆರೆ ಒಂದು ಎಳೆಯಷ್ಟೂ ತಪ್ಪಲಿಲ್ಲ. ಶ್ರಾವ್ಯಾ ಅಲ್ಲೇ ನಿಂತು ಕೊನೆಯ ತನಕ ನೋಡಿದಳು.

ಚಿತ್ರ ಮುಗಿದ ಮೇಲೆ ಹೆಸರುಗಳು ಬಂದವು. ಏಳು ಯಂತ್ರಗಳು, ಏಳು ಮಂದಿ ಕಲಿಸಿದವರು. ಕೊನೆಗೆ, ಚಿತ್ರದಲ್ಲೇ ಇಲ್ಲದ ಒಂದು ಯಂತ್ರದ ಹೆಸರು, ಅದರ ಕೆಳಗೆ 'ಗೌರವ್ವ ನಾಗಾವಿ, ಬೆಟಗೇರಿ.' ಯಾರೂ ಎದ್ದು ಹೋಗಿರಲಿಲ್ಲ. ಪರದೆಯ ಬೆಳಕಿನಲ್ಲಿ ಎಂಟುನೂರು ಕೈಗಳು ಎರಡು ಸಲ ತಟ್ಟಿ ಒಂದು ಸಲ ತಿರುಗಿದವು. ಮೈಲಾರಿ ಗಟ್ಟಿಯಾಗಿ ಅಳುತ್ತಿದ್ದ, ಅದಕ್ಕವನು ನಾಚಿಕೆ ಪಟ್ಟುಕೊಳ್ಳಲಿಲ್ಲ.

ಇದೆಲ್ಲ ಇನ್ನೂ ನಡೆಯಬೇಕಾದ ಕತೆ. ರೂಢಿಲೋಹ ಇವತ್ತು ಯಾರ ಪ್ರಯೋಗಾಲಯದಲ್ಲೂ ಇಲ್ಲ. ಆದರೆ ರೂಢಿ ಹಿಡಿಯುವ ಕೈ ಈಗಲೂ ಇದೆ, ಈ ಪುಟವನ್ನು ಹಿಡಿದಿರುವುದೇ ಅದು. ನೀವು ಪೆನ್ನನ್ನು ಯಾವ ಎರಡು ಬೆರಳ ನಡುವೆ ಹಿಡಿಯುತ್ತೀರಿ, ಚಹಾ ಸೋಸುವಾಗ ಪಾತ್ರೆಯನ್ನು ಎಷ್ಟು ಓರೆ ಮಾಡುತ್ತೀರಿ, ಅಳುವ ಮಗುವಿನ ಬೆನ್ನನ್ನು ಎಷ್ಟು ಸಲ ತಟ್ಟುತ್ತೀರಿ ಎಂದು ಒಮ್ಮೆ ಗಮನಿಸಿ ನೋಡಿ. ಅದನ್ನು ನೀವಾಗಿ ಕಂಡುಹಿಡಿದದ್ದಲ್ಲ. ಅಕ್ಕಿಯ ತಟ್ಟೆಯಲ್ಲಿ ಮೊದಲ ಅಕ್ಷರ ತಿದ್ದಿಸಿದ ದಿನದಿಂದ ಯಾರು ಯಾರೋ ನಿಮ್ಮ ಕೈ ಹಿಡಿದಿದ್ದಾರೆ. ಅವರ ಹೆಸರನ್ನು ನೀವು ಎಲ್ಲಿಯಾದರೂ ಬರೆದಿಟ್ಟಿದ್ದೀರಾ?